ಹಳೇ ಬಚ್ಚಲಲ್ಲೇ ಕೆಸರುಕಾಲಿಗೊಂದು ಜಾಗ, ನೆಂಟರಿಗೊಂದು ಬಾತ್‌ರೂಮ್

ಪ್ರಶ್ನೆ: ನಮ್ಮದು ಕೊಪ್ಪ ತಾಲ್ಲೂಕಿನ ಒಂದು ಹಳ್ಳಿ. ಮನೆ ಮಾವನವರ ಅಪ್ಪ ಕಟ್ಟಿಸಿದ್ದು. ಜಂಬಿಟ್ಟಿಗೆ ಗೋಡೆ, ಹೆಂಚಿನ ಮಾಡು. ಅಡುಗೆಮನೆ ಪಕ್ಕದ ಓಣಿಗೆ ಉದ್ದಕ್ಕೂ ತಾಗಿಕೊಂಡು ಬಚ್ಚಲುಮನೆ ಇದೆ. ಉದ್ದ 14 ಅಡಿ, ಅಗಲ 8 ಅಡಿ. ಒಂದು ತುದಿಯಲ್ಲಿ ಓಣಿಗೆ ಬಾಗಿಲು. ಇನ್ನೊಂದು ತುದಿಯಲ್ಲಿ ಹಿತ್ತಿಲ ಬಾಗಿಲು, ಅಲ್ಲೇ ಮೂಲೆಗೆ ತಾಮ್ರದ ಹಂಡೆ. ಒಲೆ ಒಳಗೇ ಉರಿಯುವುದರಿಂದ ಗೋಡೆಯೆಲ್ಲ ಮಸಿ. ನೆಲಕ್ಕೆ ಕಲ್ಲು ಚಪ್ಪಡಿ. ಪಾಯಿಖಾನೆ ಹೊರಗೆ, ಮನೆಯಿಂದ ದೂರ. ಮಳೆಗಾಲದಲ್ಲಿ ನಮ್ಮ ಯಜಮಾನರು ತೋಟದಿಂದ ಬಂದರೆ ಓಣಿ ತನಕ ಕೆಸರು. ರಜೆಗೆ ಮೊಮ್ಮಕ್ಕಳು ಬಂದಾಗ ರಾತ್ರಿ ಹೊರಗೆ ಕರಕೊಂಡು ಹೋಗುವುದು ಕಷ್ಟ. ಅಮೆರಿಕದಲ್ಲಿರುವ ಮಗಳು ಅಲ್ಲಿಯ ಮನೆಗಳ ಹಾಗೆ ಮಡ್‌ರೂಮ್ ಮಾಡಿಸಿ, ಪಕ್ಕದಲ್ಲೇ ಗೆಸ್ಟ್ ಬಾತ್‌ರೂಮ್ ಮಾಡಿಸಿ ಅನ್ನುತ್ತಾಳೆ. ಮಗ ಹಂಡೆ ಕಿತ್ತುಹಾಕಿ ಗೀಸರ್ ಹಾಕಿಸೋಣ ಅನ್ನುತ್ತಾನೆ. ಒಂದೇ ಬಚ್ಚಲಲ್ಲಿ ಇವೆರಡೂ ಆಗುತ್ತವೆಯೇ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಅಕ್ಕಾ, ಖಂಡಿತ ಆಗುತ್ತದೆ. ನಿಮ್ಮ ಬಚ್ಚಲು 112 ಚದರ ಅಡಿ ಇದೆ. ಸ್ನಾನ ಮತ್ತು ಪಾಯಿಖಾನೆ ಒಟ್ಟಿಗಿರುವ ಕೋಣೆಗೆ ನಮ್ಮ ದೇಶದ ಕಟ್ಟಡ ಸಂಹಿತೆ ಕೇಳುವುದು ಕನಿಷ್ಠ 2.8 ಚದರ ಮೀಟರ್, ಅಂದರೆ ಸುಮಾರು 30 ಚದರ ಅಡಿ. ಪೇಟೆಯ ಫ್ಲ್ಯಾಟುಗಳಲ್ಲಿ ಅಷ್ಟರಲ್ಲೇ ಮುಗಿಸುತ್ತಾರೆ. ನಿಮಗೆ ಜಾಗದ ಚಿಂತೆ ಇಲ್ಲ. ಚಿಂತೆ ಮಾಡಬೇಕಾದದ್ದು ನೀರಿನ ದಾರಿ ಮತ್ತು ಕಾಲಿನ ದಾರಿಯ ಬಗ್ಗೆ. ಟೈಲ್ಸ್ ಅಂಗಡಿಗೆ ಹೋಗುವ ಮೊದಲು ಈ ಎರಡನ್ನು ಕಾಗದದ ಮೇಲೆ ಬರೆದುಕೊಳ್ಳಿ.

ಮಗಳು ಹೇಳುವ ಮಡ್‌ರೂಮ್ ಹಿಮ, ಮಳೆ ಜಾಸ್ತಿ ಇರುವ ಕಡೆ ಹಿಂಬಾಗಿಲ ಹತ್ತಿರ ಮಾಡುವ ಕೋಣೆ. ಬೂಟು ಬಿಚ್ಚಿ, ಒದ್ದೆ ಕೋಟು ನೇತು ಹಾಕಿ ಒಳಗೆ ಬರುವ ಜಾಗ. ಮಲೆನಾಡಿನ ಬಚ್ಚಲು ಇದೇ ಕೆಲಸ ಮಾಡಿಕೊಂಡು ಬಂದಿದೆ. ಅದಕ್ಕೇ ಹಳಬರು ಅದನ್ನು ಹಿತ್ತಿಲಿಗೆ ತಾಗಿಸಿ ಕಟ್ಟಿದರು. ತೋಟದಿಂದ ಬಂದವರು ಬಚ್ಚಲಿಗೆ ಬಂದು, ಬಿಸಿನೀರಲ್ಲಿ ಕಾಲು ತೊಳೆದು, ಕಂಬಳಿ ಕೊಪ್ಪೆ ಅಲ್ಲೇ ನೇತು ಹಾಕಿ ಒಳಗೆ ಹೋಗುತ್ತಿದ್ದರು. ಹಾಗಾಗಿ ನಿಮ್ಮ ಬಚ್ಚಲನ್ನು ಪೂರ್ತಿ ಬದಲಾಯಿಸುವ ಅಗತ್ಯ ಇಲ್ಲ. ಆ ಕೆಲಸಕ್ಕೆ ಅರ್ಧ ಜಾಗ ಬಿಟ್ಟು, ಇನ್ನರ್ಧದಲ್ಲಿ ನೆಂಟರ ಬಾತ್‌ರೂಮ್ ಮಾಡಿಕೊಂಡರೆ ಸಾಕು.

ಅಡ್ಡಗೋಡೆ ಎಲ್ಲಿ ಬರಬೇಕು? ಓಣಿಯ ಬಾಗಿಲಿರುವ ತುದಿಯಿಂದ 6 ಅಡಿ ಬಿಟ್ಟು ಗೋಡೆ ಹಾಕಿ. ಆ 6 x 8 ಅಡಿ ನೆಂಟರಿಗೆ. ಗೋಡೆಯಾಚೆ ಉಳಿಯುವ ಏಳೂವರೆ ಅಡಿ ಕೆಸರಿಗೆ, ಹಂಡೆಗೆ. ನೆಂಟರ ಬಾತ್‌ರೂಮಿಗೆ ಈಗಿರುವ ಓಣಿಯ ಬಾಗಿಲೇ ಸಾಕು. ಕೆಸರಿನ ಕೋಣೆಯಿಂದ ಓಣಿಗೆ ಬರಲು ಹೊಸದಾಗಿ ಒಂದು ಬಾಗಿಲು ಒಡೆಯಬೇಕು. ಖರ್ಚು ಉಳಿಸಲು ಒಂದೇ ಬಾಗಿಲಲ್ಲಿ ಮುಗಿಸೋಣ, ಕೆಸರಿನ ಕೋಣೆ ದಾಟಿ ಬಾತ್‌ರೂಮಿಗೆ ಹೋಗಲಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ರಾತ್ರಿ ಎರಡು ಗಂಟೆಗೆ ಮೊಮ್ಮಗು ಬರಿಗಾಲಲ್ಲಿ ಒದ್ದೆ ನೆಲ ದಾಟಬೇಕಾಗುತ್ತದೆ. ಹಾಗೆ ಮಾಡಿಸಿದ ಮನೆಗಳಲ್ಲಿ ಕೆಸರಿನ ಕೋಣೆಯನ್ನು ಒಣ ಇಡಬೇಕು ಅಂತ ಮನೆಯವರು ಬೇರೆ ಕಡೆ ಕಾಲು ತೊಳೆಯಲು ಶುರು ಮಾಡುತ್ತಾರೆ. ಆಮೇಲೆ ಆ ಕೋಣೆ ಸಾಮಾನು ಒಟ್ಟುವ ಜಾಗ ಆಗುತ್ತದೆ.

ಬಾಗಿಲು ಒಡೆಯುವ ಗೋಡೆ ಮಾಡಿನ ಭಾರ ಹೊತ್ತಿರುತ್ತದೆ. ಒಡೆಯುವ ಮೊದಲು ಮೇಲೆ ತೊಲೆ ಎಲ್ಲಿ ಕೂತಿದೆ ಅಂತ ನೋಡಿ. ತೊಲೆಯ ನೇರಕ್ಕೆ ಬಾಗಿಲು ಬೇಡ, ಒಂದೆರಡು ಅಡಿ ಪಕ್ಕಕ್ಕೆ ಸರಿಸಿ. ಮಾಡಿಗೆ ಕಂಬ ಕೊಟ್ಟು ನಿಲ್ಲಿಸಿ, ಬಾಗಿಲ ಮೇಲೆ ಅಡ್ಡಕ್ಕೆ ಕೂರುವ ಲಿಂಟಲ್ಲಿಗೆ ಎರಡೂ ಕಡೆ ಮುಕ್ಕಾಲು ಅಡಿ ಗೋಡೆಯ ಮೇಲೆ ಕೂರುವಷ್ಟು ಉದ್ದ ಇಟ್ಟು, ಆಮೇಲೆ ಕೆಳಗೆ ಒಡೆಯಬೇಕು. ಅಡ್ಡಗೋಡೆಯನ್ನೂ ಚಪ್ಪಡಿಯ ಮೇಲೆ ಹಾಗೇ ಕಟ್ಟಲು ಬಿಡಬೇಡಿ. ಒಂದೂವರೆ ಅಡಿ ಅಗೆದು ಕಾಂಕ್ರೀಟ್ ಹಾಕಿ, ಅದರ ಮೇಲೆ 4 ಇಂಚಿನ ಸಾಲಿಡ್ ಬ್ಲಾಕಿನಲ್ಲಿ ಕಟ್ಟಲಿ.

ಈಗ ನೀರಿನ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ನಾನೇ ಒಮ್ಮೆ ತಪ್ಪಿದ್ದೇನೆ. ನಮ್ಮ ಮನೆಯಲ್ಲಿ ಇಂಥದ್ದೇ ಬಚ್ಚಲು ಸರಿಮಾಡಿಸುವಾಗ ಕಾಲು ತೊಳೆಯುವ ಜಾಗದ ನೀರನ್ನು ಸೆಪ್ಟಿಕ್ ಟ್ಯಾಂಕಿನ ಪೈಪಿಗೇ ಸೇರಿಸಿಬಿಟ್ಟೆ. ನಲವತ್ತು ಅಡಿ ಪೈಪು ಉಳಿಯುತ್ತದೆ ಅಂತ. ಮೊದಲ ಮಳೆಗಾಲ ಏನೂ ಆಗಲಿಲ್ಲ. ಎರಡನೇ ಮಳೆಗಾಲದಲ್ಲಿ, ಮನೆ ತುಂಬ ಜನ ಇದ್ದ ದಿನ, ಕಮೋಡಿನಲ್ಲಿ ನೀರು ಮೇಲಕ್ಕೆ ಬಂತು. ಟ್ಯಾಂಕ್ ತೆಗೆಸಿ ನೋಡಿದರೆ ಅಡಿಯಲ್ಲಿ ಕೆಂಪು ಮಣ್ಣು ಗಟ್ಟಿಯಾಗಿ ಕೂತಿದೆ. ಗುದ್ದಲಿಯಲ್ಲಿ ಅಗೆದು ತೆಗೆಯಬೇಕಾಯಿತು. ಸೆಪ್ಟಿಕ್ ಟ್ಯಾಂಕಿನೊಳಗೆ ಮಲವನ್ನು ಕರಗಿಸುವುದು ಬ್ಯಾಕ್ಟೀರಿಯಾ. ಮಣ್ಣನ್ನು ಯಾವ ಬ್ಯಾಕ್ಟೀರಿಯಾವೂ ಕರಗಿಸುವುದಿಲ್ಲ. ಅದು ಜಾಗ ತಿನ್ನುತ್ತಾ ಹೋಗುತ್ತದೆ, ಅಷ್ಟೇ.

ಇನ್ನೊಂದು ಕಾರಣವೂ ಇದೆ. ಅಡಿಕೆಗೆ ಕೊಳೆ ಔಷಧಿ ಹೊಡೆದು ಬಂದವರು ಇಲ್ಲೇ ತೊಳೆದುಕೊಳ್ಳುತ್ತಾರೆ, ಅಲ್ವಾ? ಆ ಔಷಧಿ, ಅಂದರೆ ಬೋರ್ಡೋ ದ್ರಾವಣದಲ್ಲಿ ಇರುವುದು ಮೈಲುತುತ್ತ ಮತ್ತು ಸುಣ್ಣ. ಮೈಲುತುತ್ತ ಅಂದರೆ ತಾಮ್ರದ ಲವಣ. ಶಿಲೀಂಧ್ರವನ್ನು ಕೊಲ್ಲುವ ತಾಮ್ರ ಟ್ಯಾಂಕಿನ ಬ್ಯಾಕ್ಟೀರಿಯಾಕ್ಕೂ ಒಳ್ಳೆಯದಲ್ಲ. ಆ ನೀರು ಟ್ಯಾಂಕಿಗೂ ಹೋಗಬಾರದು, ಬಾವಿಯ ಹತ್ತಿರವೂ ಸುಳಿಯಬಾರದು.

ಆದ್ದರಿಂದ ನಿಮ್ಮ ಬಚ್ಚಲಿಂದ ಮೂರು ಪೈಪು ಹೊರಡಬೇಕು. ಕಮೋಡಿನದು 4 ಇಂಚಿನ ಪೈಪು, ನೇರ ಸೆಪ್ಟಿಕ್ ಟ್ಯಾಂಕಿಗೆ. ಅದಕ್ಕೆ 5 ಅಡಿಗೆ ಒಂದು ಇಂಚಿನಷ್ಟು ವಾಟ, ಅಂದರೆ ಇಳಿಜಾರು ಸಾಕು. ನೆಂಟರ ಸ್ನಾನದ ನೀರಿನದು 3 ಇಂಚಿನ ಪೈಪು, ಇಂಗುಗುಂಡಿಗೋ ಬಾಳೆಬುಡಕ್ಕೋ. ಮೂರನೆಯದು ಕೆಸರಿನದು. ಇದು ಗೋಡೆ ದಾಟಿದ ಕೂಡಲೇ ಒಂದು ಚೇಂಬರಿಗೆ ಬೀಳಬೇಕು. ಎರಡಡಿ ಉದ್ದ, ಎರಡಡಿ ಅಗಲ ಇರಲಿ. ಹೊರಹೋಗುವ ಪೈಪನ್ನು ಚೇಂಬರಿನ ತಳದಿಂದ 9 ಇಂಚು ಮೇಲೆ ಕೂರಿಸಿ. ಆಗ ಮಣ್ಣು ತಳದಲ್ಲಿ ಕೂತು, ತಿಳಿನೀರು ಮಾತ್ರ ತೋಟಕ್ಕೆ ಹೋಗುತ್ತದೆ. ಮುಚ್ಚಳ ಒಬ್ಬರೇ ಎತ್ತುವಷ್ಟು ಹಗುರ ಇರಬೇಕು. ಭಾರದ ಚಪ್ಪಡಿ ಹಾಕಿಸಿದರೆ ಯಾರೂ ತೆಗೆಯುವುದಿಲ್ಲ, ಚೇಂಬರ್ ತುಂಬಿ ಕೆಲಸಕ್ಕೆ ಬಾರದ್ದಾಗುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ನಾಲ್ಕು ಸಲಿಕೆ ಮಣ್ಣು ತೆಗೆದರೆ ಮುಗಿಯಿತು. ಮಾಡಿನ ನೀರನ್ನು ಈ ಮೂರರಲ್ಲಿ ಯಾವುದಕ್ಕೂ ಸೇರಿಸಬೇಡಿ. ನಿಮ್ಮ ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ನಿಮ್ಮ ಊರಲ್ಲಿ ಅಷ್ಟು ಬೀಳದಿದ್ದರೂ ಮಾಡಿನ ನೀರನ್ನು ತಡೆಯುವ ಟ್ಯಾಂಕ್ ಯಾವುದೂ ಇಲ್ಲ.

ಸೆಪ್ಟಿಕ್ ಟ್ಯಾಂಕಿನ ನೀರು ಇಂಗುವ ಗುಂಡಿ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್, ಸುಮಾರು 60 ಅಡಿ ದೂರ ಇರಬೇಕು ಅಂತ ನಮ್ಮ ಮಾನಕ ಹೇಳುತ್ತದೆ. ಮಲೆನಾಡಿನಲ್ಲಿ ಇನ್ನೂ ದೂರ ಇದ್ದಷ್ಟೂ ಒಳ್ಳೆಯದು. ಜಂಬಿಟ್ಟಿಗೆ ನೆಲದಲ್ಲಿ ತೂತು ಜಾಸ್ತಿ, ನೀರು ಸಂದಿ ಹಿಡಿದು ಬೇಗ ಓಡುತ್ತದೆ. ಜುಲೈ-ಆಗಸ್ಟಿನ ಆಟಿಯಲ್ಲಿ ಬಾವಿ ನೀರು ಕೈಗೆ ಸಿಗುವಷ್ಟು ಮೇಲೆ ಬಂದಾಗ ಗುಂಡಿಯ ನೀರಿಗೆ ಇಂಗಲು ಜಾಗವೇ ಇರುವುದಿಲ್ಲ. ಹಾಗಾಗಿ ದೂರದ ಜೊತೆಗೆ ಇಳಿಜಾರನ್ನೂ ನೋಡಿ. ಗುಂಡಿ ಯಾವಾಗಲೂ ಬಾವಿಗಿಂತ ಕೆಳಗಿರಬೇಕು.

ಇನ್ನು ಹಂಡೆ. ಮಗನಿಗೆ ಹೇಳಿ, ಗೀಸರ್ ಹಾಕಿಸಲಿ, ಆದರೆ ಹಂಡೆ ಇರಲಿ. ಜುಲೈಯಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಹೋಗುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಸೋಲಾರ್ ಕೂಡ ಆ ತಿಂಗಳುಗಳಲ್ಲಿ ಕೈಕೊಡುತ್ತದೆ. ಅಡಿಕೆ ಹಾಳೆ, ಸೋಗೆ, ತೆಂಗಿನ ಸಿಪ್ಪೆ ನಿಮ್ಮಲ್ಲಿ ಬೇಕಾದಷ್ಟು ಇದೆ. ತಾಮ್ರದ ಹಂಡೆ ಗುಜರಿಗೆ ಹೋದರೆ ಮತ್ತೆ ಅಂಥದ್ದು ಸಿಗುವುದು ಕಷ್ಟ.

ಬದಲಾಗಬೇಕಾದದ್ದು ಬೆಂಕಿಯ ಜಾಗ. ಈಗ ಒಲೆಯ ಬಾಯಿ ಒಳಗಿದೆ. ಬಚ್ಚಲು ದೊಡ್ಡದಿದ್ದದ್ದರಿಂದ, ಹೆಂಚಿನ ಸಂದಿಯಲ್ಲಿ ಹೊಗೆ ಹೋಗುತ್ತಿದ್ದದ್ದರಿಂದ ನಡೆದುಹೋಯಿತು. ಗೋಡೆ ಹಾಕಿ ಕೋಣೆ ಚಿಕ್ಕದು ಮಾಡಿದ ಮೇಲೆ ಅದೇ ಬೆಂಕಿ ಅಪಾಯ. ಗಾಳಿ ಸಾಲದೆ ಉರಿಯುವ ಬೆಂಕಿಯಿಂದ ಕಾರ್ಬನ್ ಮೊನಾಕ್ಸೈಡ್ ಹೊರಡುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಸ್ನಾನಕ್ಕೆ ಹೋದವರು ಕುಸಿದು ಬೀಳುವ ತನಕ ಗೊತ್ತೇ ಆಗುವುದಿಲ್ಲ. ಗ್ಯಾಸ್ ಗೀಸರ್ ಅನ್ನು ಬಾತ್‌ರೂಮಿನ ಒಳಗೆ ಹಾಕಬೇಡಿ ಅಂತ ನಾನು ಎಲ್ಲರಿಗೂ ಗಟ್ಟಿಯಾಗಿ ಹೇಳುವುದೂ ಇದಕ್ಕೇ. ನಿಮ್ಮ ಹಂಡೆ ಮೂಲೆಯಲ್ಲಿ ಇರುವುದರಿಂದ ಒಲೆಯ ಬಾಯಿಯನ್ನು ಹೊರಗೋಡೆಯಲ್ಲಿ ತೆಗೆಯುವುದು ಸುಲಭ. ಒಳಗಿನ ಬಾಯಿ ಪೂರ್ತಿ ಮುಚ್ಚಿ. ಹಿತ್ತಿಲ ಕಡೆ ಮಾಡನ್ನು ಮೂರು ಅಡಿ ಮುಂದೆ ಇಳಿಸಿದರೆ ಸೌದೆಯೂ ನೆನೆಯುವುದಿಲ್ಲ, ಬೆಂಕಿ ಹಾಕುವವರೂ ನೆನೆಯುವುದಿಲ್ಲ. ಹೊಗೆಗೆ ಕಬ್ಬಿಣದ ಕೊಳವೆ ಹಾಕಿಸಿ, ಅದು ಮಾಡಿನ ಮರಗಳಾದ ಪಕಾಸು, ರೀಪಿನಿಂದ ಒಂದೂವರೆ ಅಡಿ ದೂರ ಇರಲಿ.

ಹಂಡೆಯ ಬಿಸಿನೀರನ್ನು ನೆಂಟರ ಕಡೆಗೂ ಕೊಡಬಹುದು. ಹಂಡೆಯ ತಳ ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿ ಇದ್ದರೆ, ಪಕ್ಕದ ಕೋಣೆಯಲ್ಲಿ ಒಂದೂವರೆ ಅಡಿ ಎತ್ತರದ ನಲ್ಲಿಗೆ ನೀರು ತಾನಾಗಿ ಬರುತ್ತದೆ. ಪೈಪಿನ ವಿಷಯದಲ್ಲಿ ಮಾತ್ರ ಜಾಗ್ರತೆ. ಪ್ಲಂಬರುಗಳು ಬಿಸಿನೀರಿಗೆ ಅಂತ ಕೊಡುವ ಸಿಪಿವಿಸಿ ಪೈಪು ತಡೆಯುವುದು ಸುಮಾರು 93 ಡಿಗ್ರಿ ಸೆಲ್ಸಿಯಸ್ ತನಕ. ಹಂಡೆ ನೀರು ಕುದಿಯುತ್ತದೆ. ಅದಕ್ಕೆ ತಾಮ್ರ ಅಥವಾ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪೇ ಬೇಕು. ನಲ್ಲಿಯ ಹತ್ತಿರ ಬಕೆಟ್ ಇಡುವ ಜಾಗ ಮಾಡಿ, ಮೊದಲು ತಣ್ಣೀರು ಹಿಡಿದು ಆಮೇಲೆ ಬಿಸಿನೀರು ಬಿಡಿ ಅಂತ ಮಕ್ಕಳಿಗೆ ಹೇಳಿಕೊಡಿ. ಪೇಟೆ ಮಕ್ಕಳಿಗೆ ಹಂಡೆ ನೀರಿನ ಬಿಸಿ ಗೊತ್ತಿರುವುದಿಲ್ಲ.

ಒಂದು ಮಾತು ಮರೆಯಬೇಡಿ. ಇಷ್ಟು ವರ್ಷ ನಿಮ್ಮ ಪಕಾಸುಗಳು ಗಟ್ಟಿಯಾಗಿ ಉಳಿದದ್ದರಲ್ಲಿ ಆ ಹೊಗೆಯ ಪಾಲೂ ಇದೆ. ಹೊಗೆ ಮರವನ್ನು ಒಣಗಿಸಿ ಇಡುತ್ತಿತ್ತು, ಹುಳ ಹತ್ತಲು ಬಿಡುತ್ತಿರಲಿಲ್ಲ. ಬೆಂಕಿ ಹೊರಗೆ ಹೋದ ಮೇಲೆ ಬರೀ ಹಬೆ ಉಳಿಯುತ್ತದೆ. ಆದ್ದರಿಂದ ಮಸಿ ಕೆರೆದು, ಮರಕ್ಕೆ ಗೆದ್ದಲು ಔಷಧಿ ಹಚ್ಚಿಸಿ. ನೆಂಟರ ಬಾತ್‌ರೂಮಿಗೆ ಎಂಟಡಿ ಎತ್ತರದಲ್ಲಿ ಪಿವಿಸಿ ಸೀಲಿಂಗ್ ಹಾಕಿಸಿ, ಹಬೆ ಮರಕ್ಕೆ ಏರದಂತೆ ಹೊರಗೋಡೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಇಡಿ. ಕೆಸರಿನ ಕಡೆ ಸೀಲಿಂಗ್ ಬೇಡ. ಅಲ್ಲಿ ಗೋಡೆಯ ಮೇಲ್ಭಾಗದಲ್ಲಿ ಜಾಲರಿ ಕಟ್ಟಿಸಿ ಗಾಳಿ ಆಡಲು ಬಿಡಿ. ಒದ್ದೆ ರೈನ್‌ಕೋಟು ಒಣಗಬೇಕಾದ ಜಾಗ ಅದು.

ಕೆಸರಿನ ಕೋಣೆಯಲ್ಲಿ ಏನು ಎಲ್ಲಿ ಇರಬೇಕು ಅನ್ನುವುದಕ್ಕೆ ಯಜಮಾನರು ತೋಟದಿಂದ ಬರುವುದನ್ನು ಒಂದು ದಿನ ನಿಂತು ನೋಡಿ. ಹಿತ್ತಿಲ ಬಾಗಿಲು ದಾಟುತ್ತಾರೆ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಸೊಪ್ಪೋ ಕಾಯೋ. ಅವನ್ನು ಮೊದಲು ಇಡಲು ಜಾಗ ಬೇಕು. ಆಮೇಲೆ ಗಮ್‌ಬೂಟು ಬಿಚ್ಚಬೇಕು. ಒಂದು ಕಾಲಲ್ಲಿ ನಿಂತುಕೊಂಡು ಗೋಡೆ ಹಿಡಿದು ಬಿಚ್ಚುತ್ತಾರೆ, ಆ ಮಸಿ ಗೋಡೆಯ ಮೇಲೆ ಒಂದೇ ಎತ್ತರದಲ್ಲಿ ಕೈಯಚ್ಚು ಇರುತ್ತದೆ, ನೋಡಿ. ಅಲ್ಲೇ ಕೂರುವ ಕಟ್ಟೆ ಬರಬೇಕು. ಒಂದೂವರೆ ಅಡಿ ಎತ್ತರ, ಒಂದೂಕಾಲು ಅಡಿ ಅಗಲ, ಮೇಲೆ ಕಲ್ಲು ಹಾಸು, ಕೆಳಗೆ ಖಾಲಿ. ಎದುರಿಗೆ ನೆಲದಿಂದ ಒಂದಡಿ ಎತ್ತರದಲ್ಲಿ ನಲ್ಲಿ, ಪಕ್ಕದಲ್ಲಿ ಪೈಪು ಸಿಕ್ಕಿಸುವ ಇನ್ನೊಂದು ನಲ್ಲಿ. ಕೂತಲ್ಲಿಂದಲೇ ಕಾಲು ಚಾಚಿದರೆ ನೀರು ಬೀಳಬೇಕು. ಬೆರಳ ಸಂದಿಯಲ್ಲಿ ಇಂಬಳ ಹತ್ತಿದ್ದರೆ ಕೂತು ನೋಡಿಕೊಳ್ಳಲು ಅಲ್ಲೊಂದು ಒಳ್ಳೇ ಬಲ್ಬು, ಕೈಗೆ ಸಿಗುವಂತೆ ಉಪ್ಪು ಸುಣ್ಣದ ಡಬ್ಬಿಗೆ ಒಂದು ಗೂಡು.

ಗಮ್‌ಬೂಟನ್ನು ನೆಲದ ಮೇಲೆ ನಿಲ್ಲಿಸಬೇಡಿ. ಗೋಡೆಯಿಂದ ಓರೆಯಾಗಿ ಮೇಲಕ್ಕೆ ಚಾಚಿದ ಒಂದಡಿಯ ಸ್ಟೀಲ್ ಸರಳು ಹಾಕಿಸಿ, ಬೂಟನ್ನು ತಲೆಕೆಳಗಾಗಿ ಅದಕ್ಕೆ ಸಿಕ್ಕಿಸಿ. ನೀರು ಇಳಿಯುತ್ತದೆ, ಒಳಗೆ ಕಪ್ಪೆ, ಚೇಳು, ಹಾವಿನ ಮರಿ ಸೇರುವುದಿಲ್ಲ. ರೈನ್‌ಕೋಟು, ಕೊಪ್ಪೆಗೆ ಆರಡಿ ಎತ್ತರದಲ್ಲಿ ಗೂಟ, ಕೆಳಗೆ ನೀರು ಹರಿಯುವ ಸಣ್ಣ ಕಾಲುವೆ. ಔಷಧಿ ಡಬ್ಬಿಗಳನ್ನು ಮಾತ್ರ ಇಲ್ಲಿ ಇಡಬೇಡಿ, ಮಕ್ಕಳು ಓಡಾಡುವ ಜಾಗ. ಓಣಿಗೆ ಹೋಗುವ ಬಾಗಿಲಲ್ಲಿ ನಾಲ್ಕಿಂಚಿನ ಹೊಸ್ತಿಲು ಇರಲಿ, ಆಚೆ ಬದಿಗೆ ಒಣ ಗೋಣಿಚೀಲವೋ ಮ್ಯಾಟೋ ಇರಲಿ.

ಈ ಭಾಗಕ್ಕೆ ಟೈಲ್ಸ್ ಬೇಡ. ಈಗಿರುವ ಕಲ್ಲು ಚಪ್ಪಡಿಯೇ ಚಂದ. ಅವುಗಳ ಮೇಲೆ ಸೀಮೆಸುಣ್ಣದಲ್ಲಿ ನಂಬರ್ ಬರೆದು, ಫೋಟೋ ತೆಗೆದು, ಎತ್ತಿ ಬದಿಗಿಡಿ. ನೆಲ ಗಟ್ಟಿ ಮಾಡಿ, ನಾಲ್ಕಿಂಚು ಕಾಂಕ್ರೀಟ್ ಹಾಕಿ, 3 ಅಡಿಗೆ ಒಂದು ಇಂಚಿನಂತೆ ವಾಟ ಕೊಟ್ಟು ಅದೇ ಕಲ್ಲುಗಳನ್ನು ಮತ್ತೆ ಹಾಸಿ. ಮಣ್ಣು ನೀರಿಗೆ ಮಾಮೂಲಿ ಬಾತ್‌ರೂಮಿನ ವಾಟ ಸಾಲದು. ಕಲ್ಲು ನುಣುಪಾಗಿದ್ದರೆ ತಿರುಗಿಸಿ ಒರಟು ಬದಿ ಮೇಲೆ ಮಾಡಬಹುದು. ಹೊಸ ಕಲ್ಲು ಬೇಕಾದರೆ ಒರಟು ಗ್ರಾನೈಟ್ ತರಿಸಿ. ಕಡಪ, ಶಹಾಬಾದ್ ಕಲ್ಲುಗಳು ಸುಣ್ಣಕಲ್ಲಿನ ಜಾತಿ, ಆಸಿಡ್ ಬಿದ್ದರೆ ಮೇಲ್ಮೈ ತಿಂದುಹೋಗುತ್ತದೆ.

ನೆಂಟರ ಬಾತ್‌ರೂಮಿನ ಬಗ್ಗೆ ನಿಮ್ಮ ಮೇಸ್ತ್ರಿಗೆ ಗೊತ್ತಿರುವುದೇ ಜಾಸ್ತಿ, ಹಾಗಾಗಿ ತಪ್ಪುವ ಕಡೆಗಳನ್ನಷ್ಟೇ ಹೇಳುತ್ತೇನೆ. ಕಮೋಡ್ ನೆಲದ ಮೇಲೆ ಕೂರುವಂಥದ್ದು ತನ್ನಿ. ಗೋಡೆಗೆ ತೂಗುಹಾಕುವ ಕಮೋಡು ಜಂಬಿಟ್ಟಿಗೆ ಗೋಡೆಗೆ ಬೇಡ. ಕಮೋಡಿನ ನಡುವಿನಿಂದ ಪಕ್ಕದ ಗೋಡೆಗೆ 15 ಇಂಚಾದರೂ ಜಾಗ ಬಿಡಿ. ಬಾಗಿಲು ಹೊರಕ್ಕೆ ತೆರೆಯಲಿ. ಒಳಗೆ ಯಾರಾದರೂ ಜಾರಿ ಬಿದ್ದರೆ, ಒಳಕ್ಕೆ ತೆರೆಯುವ ಬಾಗಿಲನ್ನು ಅವರ ಮೈಯೇ ತಡೆಯುತ್ತದೆ. ಕಮೋಡಿನ ಪಕ್ಕ, ಸ್ನಾನದ ಮೂಲೆಯಲ್ಲಿ ಹಿಡಿದುಕೊಳ್ಳುವ ಸರಳು ಹಾಕಿಸಿ. ಇವತ್ತು ನೆಂಟರಿಗೆ ಅಂತ ಮಾಡಿಸುತ್ತೀರಿ, ಹತ್ತು ವರ್ಷ ಕಳೆದರೆ ನಿಮಗೂ ಯಜಮಾನರಿಗೂ ಅದೇ ಬೇಕಾಗುತ್ತದೆ. ಜಂಬಿಟ್ಟಿಗೆಯಲ್ಲಿ ಸ್ಕ್ರೂ ಗಟ್ಟಿಯಾಗಿ ನಿಲ್ಲುವುದಿಲ್ಲ. ಗಾರೆ ಮಾಡುವ ಮೊದಲೇ ಸರಳು ಬರುವ ಜಾಗದ ಕಲ್ಲು ತೆಗೆದು ಕಾಂಕ್ರೀಟ್ ಬ್ಲಾಕ್ ಕೂರಿಸಲು ಹೇಳಿ.

ನೆಲಕ್ಕೂ ಗೋಡೆಯ ಬುಡದ ಒಂದಡಿಗೂ, ಸ್ನಾನದ ಮೂಲೆಯಲ್ಲಿ ಆರು ಅಡಿ ತನಕವೂ ವಾಟರ್‌ಪ್ರೂಫಿಂಗ್ ಎರಡು ಕೋಟು ಹೊಡೆಸಿ. ಒಣಗಿದ ಮೇಲೆ ನೆಲದ ನೀರು ಹೊರಹೋಗುವ ಟ್ರ್ಯಾಪಿನ ಬಾಯಿಗೆ ಬಟ್ಟೆ ತುಂಬಿ, ನೆಲದಲ್ಲಿ ಎರಡು ಇಂಚು ನೀರು ನಿಲ್ಲಿಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು 24 ಗಂಟೆ ಬಿಡಿ. ಗೆರೆಯಿಂದ ನೀರು ಇಳಿದಿದ್ದರೆ ಟೈಲ್ಸ್ ಹಾಕಲು ಬಿಡಬೇಡಿ. ಇದಕ್ಕೆ ಒಂದು ದಿನ ಹೋಗುತ್ತದೆ ಅಂತ ಕೆಲಸದವರು ಅವಸರ ಮಾಡುತ್ತಾರೆ. ನೀವು ಅಲ್ಲಿ ಗಟ್ಟಿಯಾಗಿ ನಿಲ್ಲಬೇಕು. ಟೈಲ್ಸ್ ಮಿರುಗುವುದು ಬೇಡ, ಒರಟು ಮ್ಯಾಟ್ ಇರಲಿ. ಸಂದಿಗೆ ಬಿಳಿ ಬೇಡ, ಬೂದುಬಣ್ಣ ಹಾಕಿ, ನಮ್ಮ ಕೆಂಪು ಮಣ್ಣಿನ ನೀರಿಗೆ ಬಿಳಿ ಉಳಿಯುವುದಿಲ್ಲ.

ಮಕ್ಕಳು ದೊಡ್ಡ ಶವರ್ ಕೇಳಬಹುದು. ನೀರಿನ ಟ್ಯಾಂಕ್ ಶವರಿಗಿಂತ ಹತ್ತು ಅಡಿ ಮೇಲಿದ್ದರೆ ಸಿಗುವ ಒತ್ತಡ 0.3 ಬಾರ್ ಅಷ್ಟೇ. ಅದಕ್ಕೆ ಸಾದಾ ಹ್ಯಾಂಡ್ ಶವರ್ ಸಾಕು. ಒತ್ತಡ ಬರಲಿ ಅಂತ ಟ್ಯಾಂಕನ್ನು ಹಳೇ ಗೋಡೆಯ ಮೇಲೆ ಕೂರಿಸುವುದು ಬೇಡವೇ ಬೇಡ. 500 ಲೀಟರ್ ನೀರು ಅಂದರೆ 500 ಕಿಲೋ. ಅದಕ್ಕೆ ಹೊರಗೆ ಬೇರೆ ಸ್ಟ್ಯಾಂಡ್ ಮಾಡಿಸಿ. ಗೀಸರ್ 15 ಲೀಟರಿನದು ಸಾಕು. ಅದರ ಸ್ವಿಚ್ ಬಾಗಿಲ ಹೊರಗಿರಲಿ, ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ, ಅರ್ಥಿಂಗ್ ಹೊಸದಾಗಿ ಮಾಡಿಸಿ. ಹಳೇ ಮನೆಗಳಲ್ಲಿ ಅರ್ಥಿಂಗ್ ತಂತಿ ಇದ್ದರೂ ಗುಂಡಿಯಲ್ಲಿ ತುಕ್ಕು ಹಿಡಿದು ತುಂಡಾಗಿರುವುದನ್ನು ನಾನು ತುಂಬ ಕಡೆ ನೋಡಿದ್ದೇನೆ.

ಕೆಲಸ ಯಾವಾಗ? ಅಡಿಕೆ ಕೊಯ್ಲು ಮುಗಿಯುವ ತನಕ ನಿಮಗೆ ಪುರುಸೊತ್ತು ಇರುವುದಿಲ್ಲ, ಆಳುಗಳೂ ಸಿಗುವುದಿಲ್ಲ. ಫೆಬ್ರವರಿಯಲ್ಲಿ ಶುರು ಮಾಡಿದರೆ ಮಕ್ಕಳು ಬೇಸಿಗೆ ರಜೆಗೆ ಬರುವ ಹೊತ್ತಿಗೆ ಮುಗಿಯುತ್ತದೆ. ಸೆಪ್ಟಿಕ್ ಟ್ಯಾಂಕ್, ಹೊರಗಿನ ಪೈಪು, ಚೇಂಬರ್ ಮೊದಲು ಆಗಲಿ, ಬಚ್ಚಲು ಒಡೆಯುವುದು ಆಮೇಲೆ. ಹಾಗೆ ಮಾಡಿದರೆ ನೀವು ತಗಡಿನ ಮರೆಯಲ್ಲಿ ಸ್ನಾನ ಮಾಡುವ ದಿನಗಳು ಕಡಿಮೆ ಆಗುತ್ತವೆ.

ಅಷ್ಟರೊಳಗೆ ನನಗೆ ಎರಡು ಅಳತೆ ಬೇಕು. ಬಾವಿಯ ಕಟ್ಟೆಯಿಂದ ಈಗಿನ ಪಾಯಿಖಾನೆ ಗುಂಡಿಗೆ ಎಷ್ಟು ಅಡಿ, ಮತ್ತು ಬಚ್ಚಲ ನೆಲಕ್ಕಿಂತ ಹಿತ್ತಿಲ ನೆಲ ಎಷ್ಟು ಕೆಳಗಿದೆ. ಯಜಮಾನರ ಕೈಯಲ್ಲಿ ಟೇಪು ಹಿಡಿಸಿ ಅಳೆದು ಬರೆಯಿರಿ. ಪೈಪು ಯಾವ ಕಡೆಯಿಂದ ಹೊರಡಬೇಕು ಅಂತ ಅದನ್ನು ನೋಡಿ ಹೇಳುತ್ತೇನೆ.